ಮೂರು ತಂತಿಯ ಡಬ್ಬಿ ಗಿಟಾರ್: ಸದ್ದು ಯಾಕೆ ಸತ್ತಿತು?

ಪ್ರಶ್ನೆ: ಸರ್, ನಾನು ಬೀದರ್‌ನವನು, ಡಿಪ್ಲೊಮಾ ಓದುತ್ತಿದ್ದೇನೆ. ಸಿಗಾರ್ ಡಬ್ಬಿಯಿಂದ ಗಿಟಾರ್ ಮಾಡುವ ವಿಡಿಯೊ ನೋಡಿ ನಾನೂ ಒಂದು ಮಾಡಲು ಹೊರಟೆ. ನಮ್ಮ ಕಡೆ ಸಿಗಾರ್ ಡಬ್ಬಿ ಸಿಗಲಿಲ್ಲ. ಡ್ರೈಫ್ರೂಟ್ ಬಂದಿದ್ದ ಕಟ್ಟಿಗೆ ಡಬ್ಬಿಯ ಮುಚ್ಚಳಕ್ಕೆ ಪ್ಲೈವುಡ್ ಪಟ್ಟಿ ಅಂಟಿಸಿ ಮೂರು ತಂತಿ ಕಟ್ಟಿದೆ. ತಂತಿ ಒತ್ತುವ ಮೆಟ್ಟಿಲುಗಳ (ಫ್ರೆಟ್) ಅಳತೆಯನ್ನು ಗೆಳೆಯನ ಗಿಟಾರಿನಿಂದ ತೆಗೆದುಕೊಂಡೆ. ಅವನ ಗಿಟಾರಿನ ತಂತಿ 650 ಮಿ.ಮೀ. ಇದೆ, ನನ್ನದು 580. ಈಗ ಸದ್ದು ಸತ್ತಂತೆ ಬರುತ್ತಿದೆ. ನಾಲ್ಕೇ ದಿನಕ್ಕೆ ಪಟ್ಟಿ ಬಾಗಿತು. ಮೊದಲ ಮೆಟ್ಟಿಲುಗಳಲ್ಲಿ ಸ್ವರ ಸರಿ ಅನ್ನಿಸುತ್ತದೆ, ಮೇಲೆ ಹೋದಂತೆ ತಪ್ಪುತ್ತದೆ. ಎಲ್ಲಿ ಎಡವಿದೆ? ಮನೆಯಲ್ಲಿ ಅಜ್ಜನ ಕಾಲದ ಬಿದರಿ ಡಬ್ಬಿ ಇದೆ. ಅದಕ್ಕೆ ತಂತಿ ಕಟ್ಟಿದರೆ ಚೆನ್ನಾಗಿ ಬರುತ್ತಾ?

ಉತ್ತರ: ಬಿದರಿ ಡಬ್ಬಿಯನ್ನು ಮೊದಲು ಕಪಾಟಿನಲ್ಲಿ ಭದ್ರವಾಗಿ ಇಟ್ಟುಬಿಡಿ ತಮ್ಮಾ. ಅದಕ್ಕೆ ತೂತು ಹೊಡೆಯಬೇಡಿ. ಬಿದರಿ ಸಾಮಾನು ಎರಕ ಹೊಯ್ದ ಲೋಹ. ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಗೋಡೆ ದಪ್ಪ, ತೂಕ ಜಾಸ್ತಿ. ಮೂರು ತೆಳು ತಂತಿಗಳ ಶಕ್ತಿಗೆ ಅದು ಅಲುಗುವುದೇ ಇಲ್ಲ. ಅಲುಗದ ಡಬ್ಬಿಯಿಂದ ಸದ್ದು ಬರುವುದಿಲ್ಲ. ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡಿದ ಅಂಥ ಕೆಲಸವನ್ನು ಡ್ರಿಲ್ಲಿಗೆ ಕೊಡುವುದು ನನ್ನ ಮನಸ್ಸಿಗೆ ಒಪ್ಪುವ ಮಾತೂ ಅಲ್ಲ.

ನಿಮ್ಮ ಮೂರು ತೊಂದರೆಗಳಲ್ಲಿ ಸದ್ದು ಸತ್ತದ್ದೇ ದೊಡ್ಡದು. ಉಳಿದ ಎರಡಕ್ಕೆ ಅಳತೆಯಲ್ಲಿ ಉತ್ತರವಿದೆ. ಸದ್ದಿಗೆ ಮಾತ್ರ ಡಬ್ಬಿಯ ಒಳಗೆ ಏನು ನಡೆಯುತ್ತದೆ ಅಂತ ತಿಳಿಯಬೇಕು.

ತಂತಿ ತಾನಾಗಿ ಗಾಳಿಯನ್ನು ಅಲುಗಿಸಲಾರದು. ಅದು ತೀರಾ ತೆಳು. ತಂತಿ ನಡುಗಿದರೆ ಅದರ ಕೆಳಗಿನ ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ತುಂಡು, ನಡುಗುತ್ತದೆ. ಕುದುರೆ ಮುಚ್ಚಳವನ್ನು ನಡುಗಿಸುತ್ತದೆ. ಅಗಲವಾದ ಮುಚ್ಚಳ ಗಾಳಿಯನ್ನು ತಳ್ಳುತ್ತದೆ, ಆಗ ನಮಗೆ ಕೇಳುತ್ತದೆ. ಅಂದರೆ ಹಾಡುವುದು ಮುಚ್ಚಳ. ನೀವು ಏನು ಮಾಡಿದ್ದೀರಿ? ಆ ಮುಚ್ಚಳದ ಬೆನ್ನಿಗೆ ಉದ್ದಕ್ಕೂ ಪ್ಲೈವುಡ್ ಪಟ್ಟಿ ಅಂಟಿಸಿದ್ದೀರಿ. ಹಲಗೆ ವಾದ್ಯಕ್ಕೆ ಇಸ್ತ್ರಿ ಪೆಟ್ಟಿಗೆ ಕಟ್ಟಿದ ಹಾಗೆ ಆಯಿತು. ಮುಚ್ಚಳಕ್ಕೆ ಅಲುಗಲು ಜಾಗವೇ ಉಳಿಯಲಿಲ್ಲ.

ನಮ್ಮ ಕಡೆ ತತ್ವಪದ ಹಾಡುವವರ ಏಕತಾರಿ ನೋಡಿದ್ದೀರಲ್ಲ? ಕಡಕೋಳ ಮಡಿವಾಳಪ್ಪನವರ ಪದ ಹಾಡುವ ಭಜನೆಗಳಲ್ಲಿ ಅದು ಇದ್ದೇ ಇರುತ್ತದೆ. ಬಿದಿರು ದಂಡಿ ಸೋರೆ ಬುರುಡೆಯ ಗೋಡೆಯಲ್ಲಿ ಮಾತ್ರ ಕೂತಿರುತ್ತದೆ. ಮೇಲಿನ ಹೊದಿಕೆಗೆ ದಂಡಿ ತಾಗುವುದಿಲ್ಲ. ಹೊದಿಕೆಯ ಮೇಲೆ ಇರುವುದು ಸಣ್ಣ ಕುದುರೆ ಒಂದೇ. ಅದಕ್ಕೇ ಒಂದೇ ತಂತಿ ಅಷ್ಟು ದೂರ ಕೇಳುತ್ತದೆ. ಡಬ್ಬಿ ಗಿಟಾರಿನದೂ ಇದೇ ಕಟ್ಟು. ಅಮೆರಿಕದ ಹುಡುಗರು ಸಿಗಾರ್ ಡಬ್ಬಿಗೆ ಪೊರಕೆ ಕೋಲು ಸಿಕ್ಕಿಸಿ ಮಾಡಿದ್ದನ್ನು ನಮ್ಮವರು ಬುರುಡೆಗೆ ಬಿದಿರು ಸಿಕ್ಕಿಸಿ ಮಾಡಿದ್ದರು.

ಅಲ್ಲಿನ ಕತೆಯನ್ನೂ ಸ್ವಲ್ಪ ಹೇಳುತ್ತೇನೆ. 19ನೇ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ಸಿಗಾರುಗಳು ಸಣ್ಣ ಮರದ ಡಬ್ಬಿಗಳಲ್ಲಿ ಬರಲು ಶುರುವಾದವು. ಖಾಲಿ ಡಬ್ಬಿ ಮನೆಮನೆಯಲ್ಲೂ ಸಿಗುತ್ತಿತ್ತು. ಕೊಳ್ಳಲು ದುಡ್ಡಿಲ್ಲದವರು ಅದರಲ್ಲೇ ವಾದ್ಯ ಮಾಡಿಕೊಂಡರು. ಅಲ್ಲಿನ ಅಂತರ್ಯುದ್ಧದ ಸೈನಿಕರ ಬಿಡಾರದಲ್ಲಿ ಒಬ್ಬ ಸಿಗಾರ್ ಡಬ್ಬಿಯ ಪಿಟೀಲು ನುಡಿಸುವ ಚಿತ್ರವನ್ನು ಎಡ್ವಿನ್ ಫೋರ್ಬ್ಸ್ ಕೆತ್ತಿದ್ದಾರೆ, 1876ರದ್ದು. ರಾಕ್ ಸಂಗೀತದ ಹಿರಿಯ ಕಾರ್ಲ್ ಪರ್ಕಿನ್ಸ್ ಕೈಗೆ ಬಾಲ್ಯದಲ್ಲಿ ಬಂದ ಮೊದಲ ಗಿಟಾರ್ ಕೂಡ ಅಪ್ಪ ಸಿಗಾರ್ ಡಬ್ಬಿಯಿಂದ ಮಾಡಿಕೊಟ್ಟದ್ದು. ಅವರು ಆ ಡಬ್ಬಿಯನ್ನು ಹುಡುಕಿಕೊಂಡು ಹೋದವರಲ್ಲ, ಕೈಗೆ ಸಿಕ್ಕಿದ್ದಕ್ಕೆ ತೆಗೆದುಕೊಂಡರು. ನೀವೂ ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳಿ. ಆದರೆ ಮುಚ್ಚಳ ನೋಡಿ ತೆಗೆದುಕೊಳ್ಳಿ.

ಮುಚ್ಚಳ ನೋಡುವುದು ಹೇಗೆ ಅಂದರೆ, ಒಂದು ಮೂಲೆಯನ್ನು ಎರಡೇ ಬೆರಳಲ್ಲಿ ಹಗುರವಾಗಿ ಹಿಡಿದು ಕಿವಿಯ ಹತ್ತಿರ ತನ್ನಿ. ಬೆರಳ ಗೆಣ್ಣಿನಿಂದ ನಡುವೆ ತಟ್ಟಿ. ‘ಟಂ’ ಅಂತ ಸ್ವಲ್ಪ ಹೊತ್ತು ನಿಲ್ಲುವ ಸದ್ದು ಬಂದರೆ ಒಳ್ಳೆಯದು. ‘ಟಪ್’ ಅಂದು ಅಲ್ಲೇ ಸತ್ತರೆ ಬೇಡ. ಡ್ರೈಫ್ರೂಟ್ ಡಬ್ಬಿಗಳಲ್ಲಿ ಎರಡು ಥರ ಇವೆ. ಕೆಲವು ನಿಜವಾದ ಮರ ಅಥವಾ ಪ್ಲೈವುಡ್. ಜಾಸ್ತಿ ಇರುವುದು ಎಂಡಿಎಫ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಮೇಲೆ ಮರದ ಬಣ್ಣದ ಕಾಗದ. ಅಂಚು ಕೆರೆದರೆ ಕಂದು ಹಿಟ್ಟಿನಂತೆ ಪುಡಿ ಬರುತ್ತದೆ. ಅದರ ಸದ್ದು ಮಂಕು, ಮೇಲಾಗಿ ಕುದುರೆಯ ಭಾರಕ್ಕೆ ನಿಧಾನವಾಗಿ ಕುಸಿಯುತ್ತದೆ. ನಿಮ್ಮ ಡಬ್ಬಿ ಅಂಥದ್ದಾಗಿದ್ದರೆ ಪಕ್ಕಗಳನ್ನು ಉಳಿಸಿಕೊಂಡು ಮುಚ್ಚಳ ಮಾತ್ರ ಬದಲಿಸಿ. 3 ಮಿ.ಮೀ. ಪ್ಲೈವುಡ್ ಸಾಕು. ಪ್ಲೈವುಡ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿದರೆ ಸುಮ್ನೆ ಕೊಟ್ಟರೂ ಕೊಟ್ಟಾರು.

ತಗಡಿನ ಬಿಸ್ಕತ್ ಡಬ್ಬಿಯೂ ಆಗುತ್ತದೆ. ಸದ್ದು ಗಟ್ಟಿ, ಸ್ವಲ್ಪ ಕರ್ಕಶ, ಬೇಗ ಆರುತ್ತದೆ. ಬಯಲಲ್ಲಿ ಕೂತು ನುಡಿಸುವವರಿಗೆ ಅದು ಇಷ್ಟ. ಮಿಠಾಯಿ ಅಂಗಡಿಯ ರಟ್ಟಿನ ಡಬ್ಬಿ ಮಾತ್ರ ಬೇಡ, ತಂತಿಯ ಎಳೆತಕ್ಕೆ ಒಂದು ದಿನವೂ ನಿಲ್ಲದು.

ಡಬ್ಬಿಯ ಅಳತೆ ಸುಮಾರು 250 ಮಿ.ಮೀ. ಉದ್ದ, 170 ಅಗಲ, 45ರಿಂದ 50 ಆಳ ಇದ್ದರೆ ಮೊದಲ ಕೆಲಸಕ್ಕೆ ಸರಿ.

ಈಗ ದಂಡಿ, ನೀವು ಪ್ಲೈವುಡ್ ಪಟ್ಟಿ ಹಾಕಿದ ಜಾಗದ್ದು. ಮೂರು ತಂತಿ ಬಿಗಿದಾಗ ಒಟ್ಟು ಎಳೆತ ಸುಮಾರು 20 ಕಿಲೋ. ಇಪ್ಪತ್ತು ಕಿಲೋ ಜೋಳದ ಚೀಲ ಹಗಲೂ ರಾತ್ರಿ ಆ ಪಟ್ಟಿಗೆ ಜೋತು ಬಿದ್ದಿದೆ ಅಂದುಕೊಳ್ಳಿ. ತೆಳು ಪ್ಲೈವುಡ್ ಪಟ್ಟಿ ಬಾಗದೆ ಏನು ಮಾಡೀತು? ಪ್ಲೈವುಡ್‌ನಲ್ಲಿ ಸುಮಾರು ಅರ್ಧ ಪದರಗಳ ನಾರು ಅಡ್ಡಕ್ಕೆ ಇರುತ್ತದೆ. ಆ ಪದರಗಳು ಉದ್ದದ ಎಳೆತ ತಡೆಯುವುದಿಲ್ಲ. ನಿಮಗೆ ಬೇಕಾದದ್ದು ನಾರು ನೇರವಾಗಿ ಓಡುವ ಗಟ್ಟಿ ಮರ. 850 ಮಿ.ಮೀ. ಉದ್ದ, 38 ಅಗಲ, 20 ದಪ್ಪ. ಗಂಟು ಇರಬಾರದು.

ನನ್ನನ್ನು ಕೇಳಿದರೆ ಹಳೆಯ ಸಾಗವಾನಿಗಿಂತ ಒಳ್ಳೆಯದಿಲ್ಲ. ಕಲಬುರಗಿ, ಬೀದರ್‌ನಲ್ಲಿ ಹಳೆ ಮನೆ ಕೆಡವಿದಾಗ ಬಾಗಿಲು, ಚೌಕಟ್ಟು ಮಾರಾಟಕ್ಕೆ ಬರುತ್ತವೆ. ಎಷ್ಟೋ ವರ್ಷದ ಬಿಸಿಲು, ಮಳೆ ಕಂಡ ಮರ ಅದು. ಬಾಗುವುದಿದ್ದರೆ ಆಗಲೇ ಬಾಗಿ ಮುಗಿದಿರುತ್ತದೆ. ಒಳಗೆ ಮೊಳೆ ಇದೆಯಾ ಅಂತ ಮಾತ್ರ ನೋಡಿ, ಇಲ್ಲದಿದ್ದರೆ ಬಡಿಗೇರರ ರಂದಾದ ಬಾಯಿ ಹೋಗುತ್ತದೆ, ಅವರು ಬೈದರೆ ತಪ್ಪಿಲ್ಲ. ಹೊಲದ ಬದುವಿನ ಜಾಲಿಯೂ ಗಟ್ಟಿ, ಆದರೆ ಭಾರ, ಕೊರೆಯಲು ಕಷ್ಟ. ಹಸಿ ಬೇವು ತಿರುಚಿಕೊಳ್ಳುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮೆದು. ಅದೊಂದೇ ಸಿಕ್ಕಿದರೆ ದಪ್ಪ 25 ಮಿ.ಮೀ. ಇಡಿ.

ದಂಡಿಯನ್ನು ಡಬ್ಬಿಗೆ ಸೇರಿಸುವ ಕೆಲಸವನ್ನು ನಿಧಾನವಾಗಿ ಮಾಡಿ. ಅರ್ಧ ದಿನ ಹೋದರೂ ಹೋಗಲಿ. ಡಬ್ಬಿಯ ಎರಡೂ ತುದಿಯ ಗೋಡೆಗಳಲ್ಲಿ ದಂಡಿ ಬಿಗಿಯಾಗಿ ಕೂರುವಷ್ಟು ಕಚ್ಚು ಕೊರೆಯಿರಿ. ದಂಡಿ ಒಂದು ಗೋಡೆಯಿಂದ ಒಳಗೆ ಹೋಗಿ, ಡಬ್ಬಿ ದಾಟಿ, ಇನ್ನೊಂದು ಗೋಡೆಯಿಂದ 20 ಮಿ.ಮೀ. ಹೊರಗೆ ಬರಬೇಕು. ಆಗ ತಂತಿಯ ಎಳೆತ ಪೂರ್ತಿ ದಂಡಿಯ ಮೇಲೆ ಬೀಳುತ್ತದೆ, ಡಬ್ಬಿಯ ಮೇಲೆ ಅಲ್ಲ. ದಂಡಿಯ ಮೇಲ್ಮೈ ಗೋಡೆಯ ಅಂಚಿಗೆ ಸಮ ಇರಲಿ. ಇಷ್ಟಾದ ಮೇಲೆ ಡಬ್ಬಿಯ ಒಳಗೆ ಬರುವ ಭಾಗವನ್ನು ಉಳಿಯಿಂದ 4 ಮಿ.ಮೀ. ತಗ್ಗು ಮಾಡಿ. ಎರಡೂ ತುದಿಯಲ್ಲಿ ಎರಡೆರಡು ಸೆಂ.ಮೀ. ಮಾತ್ರ ಬಿಡಿ. ಮುಚ್ಚಳ ಹಾಕಿದಾಗ ದಂಡಿಗೂ ಮುಚ್ಚಳಕ್ಕೂ ನಡುವೆ ಗಾಳಿ ಆಡಬೇಕು. ಒಂದು ಎಟಿಎಂ ಕಾರ್ಡ್ ಸಲೀಸಾಗಿ ಒಳಗೆ ಸರಿದಾಡಿದರೆ ಸಾಕು. ನಿಮ್ಮ ಸತ್ತ ಸದ್ದಿಗೆ ಈ 4 ಮಿ.ಮೀ. ತಗ್ಗೇ ಮದ್ದು.

ಮುಚ್ಚಳದ ಒಳಗಡೆ, ಕುದುರೆ ಕೂರುವ ಜಾಗದ ಕೆಳಗೆ, 5 ಮಿ.ಮೀ. ಚೌಕದ ಒಂದು ತೆಳು ಕಡ್ಡಿಯನ್ನು ಅಡ್ಡಕ್ಕೆ ಅಂಟಿಸಿ. ಕುದುರೆ ಮೇಲೆ ಮೂರು ನಾಲ್ಕು ಕಿಲೋ ಒತ್ತಡ ಬೀಳುತ್ತದೆ, ಅದನ್ನು ಈ ಕಡ್ಡಿ ಹಂಚುತ್ತದೆ. ಕಡ್ಡಿಯ ಕೆಳಗಿನ ದಂಡಿಯಲ್ಲಿ ಇನ್ನಷ್ಟು ತಗ್ಗು ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕಡ್ಡಿ ತಾಗಿ ಮತ್ತೆ ಸದ್ದು ಸಾಯುತ್ತದೆ. ಸದ್ದಿನ ತೂತು 20ರಿಂದ 25 ಮಿ.ಮೀ. ಅಗಲದ್ದು ಎರಡು ಸಾಕು, ದಂಡಿಯ ಉದ್ದ ಭಾಗ ಇರುವ ಕಡೆಯ ಮೂಲೆಗಳಲ್ಲಿ. ಕುದುರೆಯ ಹತ್ತಿರ ತೂತು ಬೇಡ.

ಮುಚ್ಚಳವನ್ನು ಈಗಲೇ ಅಂಟಿಸಬೇಡಿ. ಮೊದಲು ಸಣ್ಣ ಸ್ಕ್ರೂ ಹಾಕಿ. ಆಮೇಲೆ ಬಿಚ್ಚಿ ನೋಡುವ ಕೆಲಸ ಬಂದೇ ಬರುತ್ತದೆ.

ಮೂರನೆಯ ತೊಂದರೆ, ಮೆಟ್ಟಿಲು. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಮೆಟ್ಟಿಲುಗಳ ಅಂತರ ತಂತಿಯ ಉದ್ದಕ್ಕೆ ಅಂಟಿಕೊಂಡದ್ದು. 650ರ ಗಿಟಾರಿನಲ್ಲಿ 12ನೇ ಮೆಟ್ಟಿಲು 325ರಲ್ಲಿ ಇರುತ್ತದೆ, ಸರಿಯಾಗಿ ಅರ್ಧ. ಅರ್ಧದಲ್ಲಿ ಒತ್ತಿದರೆ ಮೇಲಿನ ಸಾ ಬರುತ್ತದೆ. ನಿಮ್ಮ ತಂತಿ 580, ಅದರ ಅರ್ಧ 290. ನೀವು 325ರಲ್ಲಿ ಒತ್ತುತ್ತಿದ್ದೀರಿ. ಅಲ್ಲಿ ಮೇಲಿನ ಸಾ ದಾಟಿ ರೇ ಹತ್ತಿರದ ಸ್ವರ ಬರುತ್ತದೆ. ಮೊದಲ ಮೆಟ್ಟಿಲಲ್ಲಿ ತಪ್ಪು ಕೂದಲೆಳೆಯಷ್ಟು, ಹಾಗಾಗಿ ಕಿವಿಗೆ ಗೊತ್ತಾಗಲಿಲ್ಲ. ಮೇಲೆ ಹೋದಂತೆ ತಪ್ಪು ಕೂಡುತ್ತಾ ಹೋಯಿತು.

ಲೆಕ್ಕ ಸುಲಭ ಇದೆ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿ. ಬಂದದ್ದು ಮೊದಲ ಮೆಟ್ಟಿಲಿನ ದೂರ. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದರ ದೂರ. ಹೀಗೇ ಮುಂದೆ. ಮೊದಲ ವಾದ್ಯಕ್ಕೆ ತಂತಿಯ ಉದ್ದ 600 ಮಿ.ಮೀ. ಇಡಿ ಅಂತ ಹೇಳುತ್ತೇನೆ, ಅಳೆಯಲು ಹಗುರ. ಆಗ ಮೇಲಿನ ಪಟ್ಟಿಯಿಂದ, ಅಂದರೆ ತಂತಿ ಶುರುವಾಗುವ ಜಾಗದಿಂದ, 12 ಮೆಟ್ಟಿಲುಗಳು ಹೀಗೆ ಬರುತ್ತವೆ: 33.7, 65.5, 95.5, 123.8, 150.5, 175.7, 199.5, 222, 243.2, 263.3, 282.2, 300. ಪ್ರತಿಯೊಂದನ್ನೂ ಶುರುವಿನಿಂದಲೇ ಅಳೆಯಿರಿ. ಹಿಂದಿನ ಮೆಟ್ಟಿಲಿನಿಂದ ಅಳೆಯುತ್ತಾ ಹೋದರೆ ಸಣ್ಣ ಸಣ್ಣ ತಪ್ಪು ಸೇರಿ ದೊಡ್ಡದಾಗುತ್ತದೆ. ಬಿಟ್ಟ ತಂತಿ ಸಾ ಆದರೆ 2ನೆಯದು ಶುದ್ಧ ರೇ, 4 ಗ, 5 ಮ, 7 ಪ, 9 ಧ, 11 ನಿ, 12 ಮೇಲಿನ ಸಾ.

ಇಷ್ಟೆಲ್ಲ ಹೇಳಿದೆ. ಆದರೂ ಮೊದಲ ಗಿಟಾರಿಗೆ ಮೆಟ್ಟಿಲು ಹಾಕಲೇಬೇಡಿ ಅನ್ನುವುದು ನನ್ನ ಸಲಹೆ. ದಂಡಿಯ ಮೇಲೆ ಪೆನ್ಸಿಲಿನಿಂದ ಗೆರೆ ಮಾತ್ರ ಎಳೆಯಿರಿ. ಎಡಗೈ ಬೆರಳಿಗೆ ಸ್ಟೀಲಿನ ನಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿ ನುಡಿಸಿ. ಗ್ಯಾರೇಜಿನಲ್ಲಿ ಸಿಗುವ 17 ಅಥವಾ 18 ಎಂಎಂನ ಉದ್ದನೆಯ ಸಾಕೆಟ್ ಬೆರಳಿಗೆ ಚೆನ್ನಾಗಿ ಕೂರುತ್ತದೆ. ಜಾರಿಸುವಾಗ ತಂತಿಯನ್ನು ಒತ್ತಬಾರದು, ಮುಟ್ಟಿದರೆ ಸಾಕು. ನಳಿಗೆ ಗೆರೆಯ ನೇರ ಮೇಲೆ ಇರಬೇಕು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಮೆಟ್ಟಿಲು ಕೂರಿಸುವುದಕ್ಕೆ ಅರ್ಧ ಮಿ.ಮೀ. ಅಗಲದ ಕಚ್ಚು ನೇರವಾಗಿ ಕೊರೆಯಬೇಕು, ಮೇಲೆ ಎಲ್ಲವನ್ನೂ ಒಂದೇ ಎತ್ತರಕ್ಕೆ ಅರದಿಂದ ಉಜ್ಜಬೇಕು. ಹೊಸಬರು ಅಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ. ಇನ್ನೊಂದು ಕಾರಣ ನಮ್ಮ ಹಾಡು. ನಮ್ಮ ಪದಗಳಲ್ಲಿ ಸ್ವರದಿಂದ ಸ್ವರಕ್ಕೆ ಜಾರಿಕೊಂಡೇ ಹೋಗುತ್ತೇವೆ, ಅಲ್ವಾ? ಆ ಜಾರುವಿಕೆ ಮೆಟ್ಟಿಲಿನ ಮೇಲೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಪಂಡಿತ್ ವಿಶ್ವಮೋಹನ ಭಟ್ಟರು ಮೋಹನ ವೀಣೆಯ ಮೇಲೆ ಕಬ್ಬಿಣದ ಸಲಾಕೆ ಜಾರಿಸಿ ಇಡೀ ರಾಗ ಹಾಡಿಸುತ್ತಾರೆ. ಅದನ್ನು ಒಮ್ಮೆ ಕೇಳಿ, ಆಮೇಲೆ ನಿಮಗೆ ಮೆಟ್ಟಿಲು ಬೇಕೇ ಅಂತ ಯೋಚಿಸಿ.

ಆದರೂ ಬೇಕು ಅನ್ನಿಸಿದರೆ ಮೊದಲು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ನೋಡಿ. ಸಿತಾರಿನ ಮೆಟ್ಟಿಲಿನ ಹಾಗೆ ಅತ್ತಿತ್ತ ಸರಿಸಬಹುದು. ತಪ್ಪಾದರೆ ಕತ್ತರಿಸಿ ಬಿಸಾಡಿದರಾಯಿತು.

ತಂತಿಗೆ ಎಲೆಕ್ಟ್ರಿಕ್ ಗಿಟಾರಿನ 10ರ ಸೆಟ್ (ಅತಿ ತೆಳು ತಂತಿ 0.010 ಇಂಚಿನದು) ಕೊಳ್ಳಿ. ಆರು ತಂತಿಗಳಲ್ಲಿ 5, 4, 3ನೆಯವನ್ನು ಮಾತ್ರ ಹಾಕಿ. ಶ್ರುತಿ ಜಿ, ಡಿ, ಜಿ. ಅಂದರೆ ಸಾ, ಪ, ಮೇಲಿನ ಸಾ. ಹಾರ್ಮೋನಿಯಂ ಇರುವವರಿಗೆ ಬಿಳಿ ಐದು ಅಂದರೆ ಗೊತ್ತಾಗುತ್ತದೆ. 5ನೆಯ ತಂತಿಯನ್ನು ಅದರ ಮಾಮೂಲಿ ಸ್ವರಕ್ಕಿಂತ ಎರಡು ಮನೆ, ಅಂದರೆ ಎರಡು ಮೆಟ್ಟಿಲಿನಷ್ಟು, ಇಳಿಸಬೇಕು, ಉಳಿದೆರಡು ಇದ್ದಲ್ಲೇ ಇರುತ್ತವೆ. ಮೂರನ್ನೂ ಬಿಟ್ಟು ಮೀಟಿದರೆ ತಂಬೂರಿಯ ಹಾಗೆ ತುಂಬಿಕೊಂಡು ಕೇಳುತ್ತದೆ. ಮನೆಯಲ್ಲಿ ಹಾಡುವವರಿದ್ದರೆ ಅವರ ಶ್ರುತಿಗೆ ಒಂದೆರಡು ಮನೆ ಇಳಿಸಿಕೊಳ್ಳಿ, ಏರಿಸಬೇಡಿ.

ತಂತಿ ಬಿಗಿಯಲು ಗಿಟಾರಿನ ಹಲ್ಲುಚಕ್ರದ ಬಿರಡೆಯೇ ಆಗಲಿ. ಮರದ ಬಿರಡೆ ನೋಡಲು ಚಂದ, ಆದರೆ ಸ್ಟೀಲ್ ತಂತಿಯನ್ನು ಅದರಿಂದ ಶ್ರುತಿಗೆ ತರುವುದು ಹೊಸ ಕೈಗೆ ಆಗದ ಕೆಲಸ. ತಂತಿಯ ಇನ್ನೊಂದು ತುದಿಗೆ ಡಬ್ಬಿಯ ಆಚೆ ಬಂದಿರುವ ದಂಡಿಯ ಬಾಲದಲ್ಲಿ ಮೂರು ತೂತು ಹೊಡೆಯಿರಿ. ಕೆಳಗಿನಿಂದ ತಂತಿ ತೂರಿಸಿದರೆ ಅದರ ಗುಂಡು ಅಲ್ಲೇ ನಿಲ್ಲುತ್ತದೆ. ತಂತಿ ಮರವನ್ನು ಕೊರೆಯದಂತೆ ಒಂದು ಸಣ್ಣ ಹಿತ್ತಾಳೆ ಪಟ್ಟಿ ಕೊಡಿ. ಮೇಲಿನ ಪಟ್ಟಿಯ ಜಾಗದಲ್ಲಿ 8 ಮಿ.ಮೀ. ದಪ್ಪದ ಬೋಲ್ಟ್ ತುಂಡು ಇಟ್ಟರೂ ನಡೆಯುತ್ತದೆ. ಜಾರಿಸಿ ನುಡಿಸಲು ತಂತಿ ಎತ್ತರ ಇರಬೇಕು, ಹಾಗಾಗಿ ಅದು ಒಳ್ಳೆಯದೇ.

ಕುದುರೆಯನ್ನು ಜಾಲಿ ಅಥವಾ ಸಾಗವಾನಿಯ ತುಂಡಿನಿಂದ ಮಾಡಿ, 10 ಮಿ.ಮೀ. ಎತ್ತರ. ಅದನ್ನು ಅಂಟಿಸಬಾರದು. ತಂತಿಯ ಒತ್ತಡವೇ ಹಿಡಿದುಕೊಳ್ಳುತ್ತದೆ. ಡಬ್ಬಿಯ ಬಾಲದ ಅಂಚಿನಿಂದ ಸುಮಾರು 75 ಮಿ.ಮೀ. ಒಳಗೆ, ಮೇಲಿನ ಪಟ್ಟಿಯಿಂದ 600 ದೂರ ಇಟ್ಟು ಶುರು ಮಾಡಿ. ಮೆಟ್ಟಿಲು ಇದ್ದರೆ 12ರಲ್ಲಿ ಒತ್ತಿ ಬರುವ ಸ್ವರವನ್ನು, ಅದೇ ಜಾಗದಲ್ಲಿ ಬೆರಳು ಸುಮ್ನೆ ತಾಗಿಸಿ ಮೀಟಿದಾಗ ಬರುವ ಸ್ವರಕ್ಕೆ ಹೋಲಿಸಿ. ಒತ್ತಿದ್ದು ಏರಿದ್ದರೆ ಕುದುರೆಯನ್ನು ಬಾಲದ ಕಡೆ ಸರಿಸಿ. ಇಳಿದಿದ್ದರೆ ಈ ಕಡೆ. ಸಾಮಾನ್ಯವಾಗಿ ಒಂದೆರಡು ಮಿ.ಮೀ. ಹಿಂದೆ ಹೋಗಬೇಕಾಗುತ್ತದೆ, ದಪ್ಪ ತಂತಿಯ ಕಡೆ ಇನ್ನೂ ಸ್ವಲ್ಪ.

ಅಂಟಿನ ವಿಷಯದಲ್ಲಿ ನನ್ನದೊಂದು ಅನುಭವ ಹೇಳಬೇಕು. ಕೆಲವು ವರ್ಷದ ಹಿಂದೆ ಮೇ ತಿಂಗಳಲ್ಲಿ ಹೊಸದಾಗಿ ಮಾಡಿದ ಒಂದು ವಾದ್ಯವನ್ನು ಎಣ್ಣೆ ಒಣಗಲಿ ಅಂತ ಮಾಳಿಗೆ ಮೇಲೆ ಇಟ್ಟೆ, ತಂತಿ ಬಿಗಿದೇ ಇತ್ತು. ಮಧ್ಯಾಹ್ನ ಹೋಗಿ ನೋಡಿದರೆ ಕುತ್ತಿಗೆಯ ಜೋಡಣೆ ಸರಿದಿತ್ತು. ಮರಕ್ಕೆ ಬಳಸುವ ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಮಾಳಿಗೆಯ ಕಲ್ಲಿನ ಮೇಲೆ ಕೇಳಬೇಕೆ? ಎರಡು ತಿಂಗಳ ಕೆಲಸ ಹಾಳಾಯಿತು, ಆ ದಿನ ಊಟ ಸೇರಲಿಲ್ಲ. ಆವತ್ತಿನಿಂದ ಎಳೆತ ಬೀಳುವ ಕಡೆ ಅಂಟನ್ನು ನಂಬುವುದಿಲ್ಲ, ಸ್ಕ್ರೂ ಹಾಕುತ್ತೇನೆ. ಮುಚ್ಚಿದ ಕಾರಿನಲ್ಲೂ ವಾದ್ಯ ಬಿಡಬೇಡಿ.

ದಂಡಿಗೆ ಅಗಸೆ ಎಣ್ಣೆ ಹಚ್ಚಿ, ಮೂರು ಸಲ, ತೀರಾ ತೆಳ್ಳಗೆ, ಪ್ರತಿ ಸಲ ಪೂರ್ತಿ ಒಣಗಲು ಬಿಟ್ಟು. ನಮ್ಮ ಕಡೆ ಅಗಸೆಗೆ ಏನೂ ಕೊರತೆ ಇಲ್ಲ. ಶೇಂಗಾ ಎಣ್ಣೆ ಮಾತ್ರ ಹಚ್ಚಬೇಡಿ, ಅದು ಒಣಗುವುದೇ ಇಲ್ಲ, ಜಿಗಟು ಹಿಡಿದು ಧೂಳು ಕೂರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಒಳಗೆ ಬಿಸಿ ಸೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ. ಮುಚ್ಚಳಕ್ಕೆ ದಪ್ಪ ವಾರ್ನಿಷ್ ಬೇಡ, ಅದೂ ಸದ್ದನ್ನು ತಿನ್ನುತ್ತದೆ.

ಮೈಕಿಗೆ ಜೋಡಿಸುವ ಆಸೆ ಇದ್ದರೆ ನಡುಕವನ್ನು ವಿದ್ಯುತ್ತಾಗಿ ಬದಲಿಸುವ 27 ಮಿ.ಮೀ.ನ ಪೀಜೋ ಬಿಲ್ಲೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ತೀರಾ ಕಡಿಮೆ. ಮುಚ್ಚಳದ ಒಳಗೆ ಕುದುರೆಯ ಹತ್ತಿರ ಅಂಟಿಸಿ. ಬೆಸುಗೆಯನ್ನು ಬೇಗ ಮುಗಿಸಿ, ಜಾಸ್ತಿ ಹೊತ್ತು ಕಾಯಿಸಿದರೆ ನಡುವಿನ ಬಿಳಿ ಲೇಪ ಕಿತ್ತುಬರುತ್ತದೆ. ಗಿಟಾರಿನ ಆಂಪ್ಲಿಫೈಯರ್‌ಗೆ ಕೊಟ್ಟರೆ ಸರಿಯಾಗಿ ಕೇಳುತ್ತದೆ. ಮನೆಯ ಹೋಮ್ ಥಿಯೇಟರಿಗೆ ನೇರ ಕೊಟ್ಟರೆ ತೆಳುವಾಗಿ ಕೀಚಲು ಬರುತ್ತದೆ. ಮೊದಲು ವಾದ್ಯ ತಾನಾಗಿ ಹಾಡಲಿ, ಇದು ಆಮೇಲೆ ಇರಲಿ.

ತಂತಿ ಕಟ್ಟಿದ ದಿನ ಒಮ್ಮೆಗೇ ಪೂರ್ತಿ ಬಿಗಿಯಬೇಡಿ. ಅರ್ಧ ಬಿಗಿದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ದಂಡಿಯ ಅಂಚಿನಲ್ಲಿ ಸ್ಟೀಲ್ ಅಳತೆಪಟ್ಟಿ ಇಟ್ಟು ಬಾಗಿದೆಯಾ ನೋಡಿ. ಬಾಗಿಲ್ಲವಾದರೆ ಶ್ರುತಿಗೆ ತನ್ನಿ. ಹೊಸ ತಂತಿ ಎರಡು ಮೂರು ದಿನ ಇಳಿಯುತ್ತಲೇ ಇರುತ್ತದೆ, ಗಾಬರಿ ಬೇಡ.

ಇಷ್ಟಾದ ಮೇಲೂ ಸದ್ದು ಮಂಕಾಗಿದ್ದರೆ ಮುಚ್ಚಳದ ಸ್ಕ್ರೂ ಬಿಚ್ಚಿ. ದಂಡಿಯ ತಗ್ಗಿನ ಮೇಲೆ ಸೀಮೆಸುಣ್ಣ ಉಜ್ಜಿ, ಮುಚ್ಚಳ ಮತ್ತೆ ಹಾಕಿ, ತಂತಿ ಬಿಗಿದು ಸ್ವಲ್ಪ ನುಡಿಸಿ. ಪುನಃ ಬಿಚ್ಚಿದಾಗ ಮುಚ್ಚಳದ ಒಳಮೈಯಲ್ಲಿ ಸುಣ್ಣದ ಗುರುತು ಎಲ್ಲಿ ಹತ್ತಿದೆಯೋ ಅಲ್ಲಿ ದಂಡಿ ತಾಗುತ್ತಿದೆ. ಅಲ್ಲಿ ಇನ್ನೊಂದು ಮಿ.ಮೀ. ಕೆತ್ತಿ. ಗುರುತು ಎಲ್ಲೂ ಇಲ್ಲದೆಯೂ ಸದ್ದು ಬರದಿದ್ದರೆ ಮುಚ್ಚಳದ ದಪ್ಪ ಅಳೆದು, ಒಳಗಿನ ಫೋಟೊ ಜೊತೆ ಕಳಿಸಿಕೊಡಿ. ನೋಡಿ ಹೇಳುತ್ತೇನೆ.